ಅತ್ತಿಗೆಯ ದುಡ್ಡು ನಾದಿನಿಯ ಕೈಗೆ

ಡ್ರೈವಿಂಗ್ ಸ್ಕೂಲಿಗೆ ಬರುವ ಹುಡುಗ ಹುಡುಗಿಯರೆಲ್ಲ ಅವಳನ್ನು ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಮನೆಯಲ್ಲಿ ಮಾತ್ರ, ಐವತ್ತು ದಾಟಿದರೂ ಇನ್ನೂ ಪುಟ್ಟಿ. ಅಣ್ಣನಿಗೂ ಪುಟ್ಟಿ, ಅಣ್ಣನ ಹೆಂಡತಿಗೂ ಪುಟ್ಟಿ.

“ಕಾರಿಗೆ ಎರಡೆರಡು ಬ್ರೇಕು, ಇವಳ ಕೈಗೆ ಒಂದೂ ಇಲ್ಲ” ಎಂದು ಅತ್ತಿಗೆ ಆಗಾಗ ಹೇಳುವುದಿತ್ತು. ಅದೇನೂ ಸುಳ್ಳಲ್ಲ. ಪುಟ್ಟಿಗೆ ಬಂದ ಸಂಬಳ ಅವಳ ಕೈಯಲ್ಲಿ ನಿಂತು ಉಸಿರು ತೆಗೆದುಕೊಂಡದ್ದೇ ಇಲ್ಲ. ಪಾಸಾದವರಿಗೆ ಐಸ್‌ಕ್ರೀಮು, ಫೇಲಾದವರಿಗೆ ಸಮಾಧಾನಕ್ಕೆ ಇನ್ನೂ ದೊಡ್ಡ ಐಸ್‌ಕ್ರೀಮು. ಬೆಲೆ ಕೇಳುವುದೆಂದರೆ ಅವಳಿಗೆ ಅಂಗಡಿಯವನ ವಯಸ್ಸು ಕೇಳಿದಷ್ಟು ಸಂಕೋಚ.

ಅತ್ತಿಗೆಯದು ಇನ್ನೊಂದೇ ಲೆಕ್ಕ. ಮಾರ್ಕೆಟ್ ಬೀದಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಕಿರಿದಾದ ಕನ್ನಡಕದ ಅಂಗಡಿ ಅವಳದು. ಗಾಜಿನ ಅಂಚು ತಿಕ್ಕುವುದು, ಫ್ರೇಮಿಗೆ ಕೂರಿಸುವುದು, ಸೊಟ್ಟಗಾದ ಕಡ್ಡಿ ನೆಟ್ಟಗೆ ಮಾಡುವುದು, ಎಲ್ಲ ಅವಳೇ. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ಅಕ್ಕಪಕ್ಕದ ಅಂಗಡಿಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆದರೆ ಆ ಅಂಗಡಿ ಮುಚ್ಚದೆ ಉಳಿದದ್ದು ಅವಳ ಬಿಗಿ ಮುಷ್ಟಿಯಿಂದಲೇ ಎಂಬುದು ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು.

ಇಂಥ ಅತ್ತಿಗೆ ಒಂದು ಮಧ್ಯಾಹ್ನ ಫೋನ್ ಮಾಡಿದಾಗ ಪುಟ್ಟಿ ಕಾರಿನಲ್ಲಿದ್ದಳು. ಹೊಸದಾಗಿ ಸೇರಿದ ನರ್ಸ್ ಒಬ್ಬಳು ಹಲ್ಲು ಕಚ್ಚಿಕೊಂಡು ಸ್ಟೇರಿಂಗ್ ಹಿಡಿದಿದ್ದಳು.

“ಪುಟ್ಟಿ, ಹಡಗಲ್ಲಿ ಬರ್ತೀಯಾ?” ಎಂದಳು ಅತ್ತಿಗೆ, ಪೀಠಿಕೆಯೇ ಇಲ್ಲದೆ.

“ಯಾವ ಹಡಗು?”

“ದೊಡ್ಡ ಹಡಗು ಕಣೆ. ಒಂದು ವಾರ. ಗಾಜಿನ ಕಂಪನಿಯವರು ಬಹುಮಾನ ಕೊಟ್ಟಿದ್ದಾರೆ, ಈ ವರ್ಷ ನಮ್ಮ ಅಂಗಡಿಯೇ ಎಲ್ಲರಿಗಿಂತ ಜಾಸ್ತಿ ಮಾರಿದ್ದಂತೆ. ಇಬ್ಬರಿಗೆ ಟಿಕೆಟ್ಟು. ನಿಮ್ಮಣ್ಣ ಬರಲ್ಲವಂತೆ, ತೂಗುಮಂಚದಲ್ಲಿ ಕೂತರೇ ಅವರಿಗೆ ವಾಂತಿ ಬರುತ್ತೆ.”

ಪುಟ್ಟಿಯ ಕಾಲು ತಾನಾಗಿಯೇ ಬ್ರೇಕನ್ನು ಅಮುಕಿತು. ನಡುರಸ್ತೆಯಲ್ಲಿ ಕಾರು ಗಕ್ಕನೆ ನಿಂತಿತು. ನರ್ಸ್ ಹೆದರಿ, “ಮೇಡಂ, ನಾನೇನು ಮಾಡಿದೆ?” ಎಂದು ಅಳುವುದೊಂದು ಬಾಕಿ. ಹಿಂದಿನಿಂದ ಹಾರ್ನುಗಳು. ಪುಟ್ಟಿ ಅವಳ ಭುಜ ಹಿಡಿದು ಅಲುಗಾಡಿಸುತ್ತ, “ನೀನು ಏನೂ ಮಾಡಿಲ್ಲ ಕಣಮ್ಮ, ನಾನು ಹಡಗು ಹತ್ತುತ್ತಾ ಇದ್ದೀನಿ!” ಎಂದು ಕೂಗಿದಳು.

ಮುಂದಿನ ಭಾನುವಾರ ಅಣ್ಣನ ಮನೆಯ ಊಟದ ಮೇಜಿನ ಸುತ್ತ ಖರ್ಚಿನ ಮಾತುಕತೆ ನಡೆಯಿತು. ಟಿಕೆಟ್ಟು, ಕೋಣೆ, ಮೂರು ಹೊತ್ತಿನ ಊಟ ಕಂಪನಿಯದು. ಉಳಿದದ್ದೆಲ್ಲ ತಮ್ಮ ಜೇಬಿನದು. ಬಂದರಿನಲ್ಲಿ ಇಳಿದರೆ ಅಲ್ಲಿನ ಸುತ್ತಾಟ, ಹಡಗಿನ ವಿಶೇಷ ಕಾಫಿ, ಫೋಟೋ, ಕೋಣೆ ಗುಡಿಸುವವರಿಗೆ ಭಕ್ಷೀಸು, ಮನೆಗೆ ತರುವ ಸಾಮಾನು. ಇಬ್ಬರೂ ಸಮಸಮ ದುಡ್ಡು ಹಾಕುವುದೆಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ತಕರಾರು ಶುರು.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು” ಎಂದಳು ಅತ್ತಿಗೆ, ಲಕೋಟೆಗಳನ್ನು ಸಾಲಾಗಿ ಇಡುತ್ತ. “ಇದು ಭಕ್ಷೀಸಿಗೆ, ಇದು ಸುತ್ತಾಟಕ್ಕೆ, ಇದು ಆಪತ್ತಿಗೆ.”

“ಆಪತ್ತಿನ ಲಕೋಟೆಯೇ ಎಲ್ಲಕ್ಕಿಂತ ದಪ್ಪ ಇದೆಯಲ್ಲ ಅತ್ತಿಗೆ! ನಾವು ಯುದ್ಧಕ್ಕೆ ಹೋಗ್ತಾ ಇದ್ದೀವಾ?”

“ನಿನ್ನ ಕೈಗೆ ಕೊಟ್ಟರೆ ಮೊದಲನೇ ದಿನವೇ ಎಲ್ಲ ಸ್ವಾಹಾ.”

“ನಿಮ್ಮ ಕೈಗೆ ಕೊಟ್ಟರೆ ಕೊನೇ ದಿನ ಎಲ್ಲ ಹಾಗೇ ವಾಪಸ್ಸು! ಅದಕ್ಕೆ ಹಡಗು ಯಾಕೆ, ಬಾಲ್ಕನಿಯಲ್ಲಿ ಒಂದು ಬಕೆಟ್ಟು ನೀರಿಟ್ಟುಕೊಂಡು ಕೂತರೆ ಸಾಲದಾ?”

ಇಬ್ಬರ ನಡುವೆ ಕೂತು ಕಿತ್ತಳೆ ಸುಲಿಯುತ್ತಿದ್ದ ಅಣ್ಣ ಆಗ ತಲೆ ಎತ್ತಿದ. “ಒಂದು ಕೆಲಸ ಮಾಡಿ. ಪರ್ಸು ಅದಲು ಬದಲು ಮಾಡಿಕೊಳ್ಳಿ. ಇವಳ ದುಡ್ಡು ನಿನ್ನ ಹತ್ತಿರ, ನಿನ್ನ ದುಡ್ಡು ಇವಳ ಹತ್ತಿರ. ಯಾರಿಗೆ ಏನು ಬೇಕಾದರೂ ಇನ್ನೊಬ್ಬರನ್ನು ಕೇಳಿ ತಗೋಬೇಕು.”

ತಮಾಷೆಗೆ ಅಂದಿದ್ದ. ಆದರೆ ಅತ್ತಿಗೆ ನಾದಿನಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆಗೆ ನಾದಿನಿಯ ಕೈ ಕಟ್ಟಿಹಾಕಿದ ಸಮಾಧಾನ. ಪುಟ್ಟಿಗೆ, ಅತ್ತಿಗೆಯ ದುಡ್ಡನ್ನು ಕೊನೆಗೂ ಗಾಳಿ ಬೆಳಕು ಕಾಣಿಸುವ ಅವಕಾಶ ಸಿಕ್ಕಿತಲ್ಲ ಎಂಬ ಖುಷಿ. ಲಕೋಟೆಗಳೆಲ್ಲ ಎರಡು ಪರ್ಸುಗಳ ಹೊಟ್ಟೆ ಸೇರಿದವು. ಅತ್ತಿಗೆಯ ಕಂದು ಪರ್ಸು ಪುಟ್ಟಿಯ ಚೀಲಕ್ಕೆ ಬಂತು, ಪುಟ್ಟಿಯ ಕೆಂಪು ಪರ್ಸು ಅತ್ತಿಗೆಯ ಚೀಲಕ್ಕೆ ಹೋಯಿತು.

ಹೊರಡುವ ದಿನ ಬರುವವರೆಗೆ ಪುಟ್ಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಲಿಯುವವರಿಗೆ ಪಾರ್ಕಿಂಗ್ ಹೇಳಿಕೊಡುವಾಗಲೂ, “ಹಾಂ, ಹಡಗು ದಡಕ್ಕೆ ತಂದಹಾಗೆ, ನಿಧಾನ, ನಿಧಾನ” ಎನ್ನುತ್ತಿದ್ದಳು. ಕೊನೆಗೆ ಆ ಹಡಗನ್ನು ಕಣ್ಣಾರೆ ಕಂಡಳು. ಒಂದು ಇಡೀ ಬೀದಿಯನ್ನು ಎತ್ತಿ ನಿಲ್ಲಿಸಿ, ಬಿಳಿ ಬಣ್ಣ ಬಳಿದು, ನೀರಿಗೆ ಇಳಿಸಿದ ಹಾಗಿತ್ತು. ಕತ್ತು ನೋಯುವಷ್ಟು ಮೇಲೆ ನೋಡಿದರೂ ಇನ್ನೂ ಕಿಟಕಿಗಳು.

“ಅತ್ತಿಗೆ, ಇದು ತೇಲುತ್ತಾ?”

“ಇಷ್ಟು ಹೊತ್ತು ತೇಲಿಕೊಂಡೇ ಇದೆಯಲ್ಲ, ನಾವಿಬ್ಬರು ಹತ್ತಿದರೆ ಮುಳುಗುತ್ತಾ? ನಡಿ ನಡಿ” ಎಂದಳು ಅತ್ತಿಗೆ. ಹಾಗೆಂದರೂ ಅವಳ ಕೈ ಪುಟ್ಟಿಯ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಹಡಗಿನೊಳಗೆ ನೋಟು ನಡೆಯುವುದಿಲ್ಲ, ಕೌಂಟರಿನಲ್ಲಿ ಒಂದಿಷ್ಟು ದುಡ್ಡು ಕಟ್ಟಿ ಕಾರ್ಡು ಮಾಡಿಸಿಕೊಳ್ಳಬೇಕು. ಆ ಕಾರ್ಡುಗಳನ್ನೂ ಅದಲು ಬದಲು ಮಾಡಿಕೊಂಡರು. ಉಳಿದ ನೋಟು ಬಂದರುಗಳಲ್ಲಿ ಇಳಿದಾಗಿನ ಖರ್ಚಿಗೆ ಪರ್ಸಿನಲ್ಲೇ ಉಳಿಯಿತು.

ಆಮೇಲೆ ನಡೆದದ್ದು ಇಬ್ಬರಲ್ಲಿ ಯಾರೂ ಎಣಿಸದೇ ಇದ್ದದ್ದು.

ಮೇಲಿನ ಮಹಡಿಯಲ್ಲಿ, ನೀಲಿ ಈಜುಕೊಳದ ಪಕ್ಕ, ಅತ್ತಿಗೆ ಒಂದು ಒಣಹುಲ್ಲಿನ ಟೋಪಿ ತಲೆಗಿಟ್ಟು ಕನ್ನಡಿ ನೋಡಿಕೊಂಡಳು. “ಚೆನ್ನಾಗಿದೆ ಅಲ್ವಾ? ನನ್ನ ಕಾರ್ಡು ಕೊಡು.” ಪುಟ್ಟಿ ಟೋಪಿ ತೆಗೆದು ತಿರುಗಿಸಿ ಬೆಲೆ ನೋಡಿದಳು. ಜನ್ಮದಲ್ಲಿ ಮೊದಲ ಸಲ ನೋಡಿದಳು. ಇದು ತನ್ನ ದುಡ್ಡಾಗಿದ್ದರೆ ಟೋಪಿ ಇಷ್ಟು ಹೊತ್ತಿಗೆ ಯಾವಾಗಲೋ ತಲೆಯ ಮೇಲಿರುತ್ತಿತ್ತು. ಆದರೆ ಇದು ಅತ್ತಿಗೆಯ ದುಡ್ಡು. ಬೆಳಗಿಂದ ಸಂಜೆಯವರೆಗೆ ನಿಂತೇ ಗಾಜು ತಿಕ್ಕಿ, ಬೆರಳ ತುದಿ ಒರಟಾದ ಅತ್ತಿಗೆಯ ದುಡ್ಡು.

“ಬಂದರಲ್ಲಿ ಇದೇ ಟೋಪಿ ಅರ್ಧ ಬೆಲೆಗೆ ಸಿಗುತ್ತೆ, ಬನ್ನಿ” ಎಂದು ಬಾಯಿಂದ ಬಂದೇಬಿಟ್ಟಿತು. ತನ್ನ ಬಾಯಿಂದಲೇ ಬಂತಾ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಅತ್ತ ಅತ್ತಿಗೆಯ ವರಸೆಯೇ ಬೇರೆ. ಪುಟ್ಟಿ ಕೇಳುವ ಮೊದಲೇ ಕೆಂಪು ಪರ್ಸು ತೆರೆಯುತ್ತಿತ್ತು. “ಆ ಬಣ್ಣ ಬಣ್ಣದ ಶರಬತ್ತು ಬೇಕಾ? ತಗೋ. ಫೋಟೋ ತೆಗೆಸ್ತೀಯಾ? ತೆಗೆಸು. ನಿನ್ನ ದುಡ್ಡು ಉಳಿಸಿ ನನಗೇನು ಬರಬೇಕು? ಊರಿಗೆ ಹೋದ ಮೇಲೆ ಹೇಗೂ ಉಡಾಯಿಸ್ತೀಯ, ಇಲ್ಲೇ ಆಗಲಿ.”

“ಅತ್ತಿಗೆ, ಸ್ವಲ್ಪ ನೋಡಿಕೊಂಡು...”

“ಏನು ನೋಡೋದು? ಶರಬತ್ತಿನ ಮೇಲೆ ಪುಟ್ಟ ಛತ್ರಿ ಬೇರೆ ಇಟ್ಟಿದ್ದಾರೆ, ನೋಡು!” ಎಂದು ಅತ್ತಿಗೆ ಆ ಛತ್ರಿಯನ್ನು ಬೆರಳಲ್ಲಿ ತಿರುಗಿಸುತ್ತ ಮಗುವಿನ ಹಾಗೆ ನಕ್ಕಳು. ಅಂಗಡಿಯ ಕೌಂಟರಿನ ಹಿಂದೆ ಆ ನಗುವನ್ನು ಪುಟ್ಟಿ ಯಾವತ್ತೂ ಕಂಡಿರಲಿಲ್ಲ.

ಹೀಗೆ ದೊಡ್ಡ ಕೈಯವಳು ಜಿಪುಣಿಯಾದಳು, ಜಿಪುಣಿ ಧಾರಾಳಿಯಾದಳು. ರಾತ್ರಿ ಊಟಕ್ಕೆ ಕೂತಾಗ ಇದನ್ನು ನೆನೆದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗುವಿನೊಳಗೇ ಅತ್ತಿಗೆಯ ಕಣ್ಣು ಒಂದೆರಡು ಸಲ ಪುಟ್ಟಿಯ ಚೀಲದ ಕಡೆ ಹೋಗಿ ಬಂತು. ಟೋಪಿಯ ಆಸೆ ಇನ್ನೂ ಹೋಗಿರಲಿಲ್ಲ.

ಎರಡನೇ ಬಂದರು ಒಂದು ದ್ವೀಪ. ಬೆಳಿಗ್ಗೆ ಹಡಗು ನಿಂತಾಗ ಕೊಲ್ಲಿಯ ನೀರು ಹೊಸ ಗಾಜಿನ ಹಾಗೆ ಹೊಳೆಯುತ್ತಿತ್ತು. ಸಂಜೆಯವರೆಗೆ ಸಮಯವಿತ್ತು. ಇಬ್ಬರೂ ಇಳಿದು, ಕಲ್ಲು ಹಾಸಿದ ಬೀದಿಯಲ್ಲಿ ಅಂಗಡಿ ನೋಡುತ್ತ ನೋಡುತ್ತ ದೋಣಿಕಟ್ಟೆಯ ತುದಿಗೆ ಬಂದರು. ಅಲ್ಲಿ ಕಾರಿನಂಥದೇ ಸ್ಟೇರಿಂಗ್ ಇರುವ ಪುಟ್ಟ ಪುಟ್ಟ ಮೋಟಾರು ದೋಣಿಗಳು ಸಾಲಾಗಿ ಕುಣಿಯುತ್ತಿದ್ದವು. ಪಕ್ಕದ ಹಲಗೆಯ ಮೇಲೆ ಚಿತ್ರ ಬರೆದಿತ್ತು: ಕೊಲ್ಲಿಯೊಳಗೆ ಯಾರು ಬೇಕಾದರೂ ಓಡಿಸಬಹುದು, ಲೈಸೆನ್ಸ್ ಬೇಡ, ಕಿತ್ತಳೆ ಬಣ್ಣದ ತೇಲುಗುಂಡುಗಳನ್ನು ದಾಟಬಾರದು.

ಅತ್ತಿಗೆ ಆ ಹಲಗೆಯ ಮುಂದೆ ನಿಂತೇ ನಿಂತಳು. ಪುಟ್ಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದಳು.

“ನನ್ನ ಪರ್ಸು ಕೊಡು” ಎಂದಳು ಅತ್ತಿಗೆ.

“ಯಾಕೆ?”

“ನಾನು ಇದನ್ನ ಓಡಿಸ್ತೀನಿ.”

ಪುಟ್ಟಿ ನಕ್ಕಳು. ಆಮೇಲೆ ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದಳು. ಹಲಗೆಯ ಮೇಲಿನ ಬೆಲೆ ಓದಿದಳು. ಬಾಡಿಗೆ, ಅದರ ಮೇಲೆ ದೋಣಿಗೆ ಪೆಟ್ಟು ಬಿದ್ದರೆ ಎಂದು ಮುಂಗಡ. ಬಾಡಿಗೆಗೇ ಕಂದು ಪರ್ಸಿನ ಅಷ್ಟೂ ನೋಟು ಬೇಕಿತ್ತು. ಮುಂಗಡಕ್ಕೆ ಕೆಂಪು ಪರ್ಸನ್ನೂ ತಳ ಕೊಡವಬೇಕು.

“ಒಂದು ಗಂಟೆಗೆ ಇಷ್ಟಾ? ಬೇಡ ಅತ್ತಿಗೆ. ಇದು ಹಗಲು ದರೋಡೆ.”

“ನನ್ನ ದುಡ್ಡು ಪುಟ್ಟಿ.”

“ನಿಮ್ಮದೇ. ಅದಕ್ಕೇ ಬೇಡ ಅಂತಿರೋದು. ನನ್ನದಾಗಿದ್ದರೆ ಇಷ್ಟು ಹೊತ್ತಿಗೆ ಕೊಟ್ಟು ಕೂತಿರ್ತಿದ್ದೆ. ಈ ದುಡ್ಡಲ್ಲಿ ಅಂಗಡಿಗೆ ಎಷ್ಟು ಫ್ರೇಮು ಬರುತ್ತೆ ಗೊತ್ತಾ ನಿಮಗೆ?”

“ನನಗೆ ಗೊತ್ತಿಲ್ಲದೆ ನಿನಗೆ ಗೊತ್ತಾ?” ಅತ್ತಿಗೆಯ ದನಿ ಏರಿತು. ದೋಣಿಯವನು, ಮೀಸೆ ನರೆತ ದಪ್ಪ ಮನುಷ್ಯ, ಹಗ್ಗ ಸುತ್ತುವುದನ್ನು ಬಿಟ್ಟು ಇವರ ಕಡೆ ನೋಡತೊಡಗಿದ. “ಅವತ್ತೂ ಹೀಗೇ ಮಾಡಿದೆ ನೀನು. ನಾನು ಕಾಲಿಟ್ಟಾಗಲೆಲ್ಲ ಬ್ರೇಕು ಒತ್ತಿದೆ.”

ಇಪ್ಪತ್ತು ವರ್ಷದ ಹಿಂದಿನ ಮಾತು ಅದು. ಅತ್ತಿಗೆ ಕಾರು ಕಲಿಯುತ್ತೇನೆಂದು ಬಂದಿದ್ದಳು. ಮೂರನೇ ದಿನವೋ ನಾಲ್ಕನೇ ದಿನವೋ, ಸಿಗ್ನಲ್ಲಿನ ಹತ್ತಿರ ಬಾಗಿಲು ತೆಗೆದು ಇಳಿದು ನಡೆದುಕೊಂಡೇ ಮನೆಗೆ ಹೋಗಿದ್ದಳು. ಯಾಕೆಂದು ಪುಟ್ಟಿ ಕೇಳಲಿಲ್ಲ, ಅತ್ತಿಗೆ ಹೇಳಲಿಲ್ಲ. ಅವಳಿಗೆ ಡ್ರೈವಿಂಗ್ ಹತ್ತಲಿಲ್ಲ ಎಂದು ಮನೆಮಂದಿಯೆಲ್ಲ ಒಪ್ಪಿಕೊಂಡುಬಿಟ್ಟಿದ್ದರು. ಆ ಮೂರು ನಾಲ್ಕು ದಿನ ತನ್ನ ಪಾದ ಎಲ್ಲಿತ್ತು ಎಂದು ಪುಟ್ಟಿ ಈಗ ನೆನಪಿಸಿಕೊಂಡಳು. ಅಣ್ಣನ ಹೆಂಡತಿಗೆ ಏನಾದರೂ ಆದರೆ ಎಂಬ ಹೆದರಿಕೆಯಲ್ಲಿ, ಕಾರು ಒಂದು ಮಾರು ಮುಂದೆ ಹೋಗಲೂ ಅವಳು ಬಿಟ್ಟಿರಲಿಲ್ಲ.

ಅವಳು ಚೀಲದ ಬಾಯಿ ತೆರೆದು ಕಂದು ಪರ್ಸನ್ನು ಅತ್ತಿಗೆಯ ಅಂಗೈಯಲ್ಲಿಟ್ಟಳು.

“ಮುಂಗಡ ನನ್ನ ಪರ್ಸಿನಿಂದ ಕೊಡಿ. ಪೆಟ್ಟು ಬಿದ್ದರೆ ಬೀಳಲಿ.”

ದೋಣಿಯವನು ಕೈಸನ್ನೆಯಲ್ಲೇ ಎಲ್ಲ ಹೇಳಿಕೊಟ್ಟ. ಸ್ಟೇರಿಂಗ್ ಪಕ್ಕದ ಹಿಡಿ ಮುಂದೆ ತಳ್ಳಿದರೆ ವೇಗ, ನಡುವೆ ತಂದರೆ ಸುಮ್ಮನೆ, ಹಿಂದೆ ಎಳೆದರೆ ಹಿಂದಕ್ಕೆ. ಅಲೆ ಬಂದರೆ ಅದಕ್ಕೆ ಮುಖ ಕೊಡಬೇಕು, ಪಕ್ಕೆ ಕೊಡಬಾರದು. ಅತ್ತಿಗೆ ಕನ್ನಡಕ ಮೇಲೆ ಸರಿಸಿ, ಗಿರಾಕಿಯ ಕಣ್ಣಿನ ನಂಬರು ಕೇಳುವಷ್ಟು ಗಮನವಿಟ್ಟು ಕೇಳಿಸಿಕೊಂಡಳು. ಇಬ್ಬರಿಗೂ ತೇಲುವ ಜಾಕೆಟ್ಟು ತೊಡಿಸಿ, ಹಗ್ಗ ಬಿಚ್ಚಿ, ಅವನು ದೋಣಿಯನ್ನು ಕಾಲಿನಿಂದಲೇ ನೂಕಿದ.

ಮೊದಮೊದಲು ದೋಣಿ ಬಸವನಹುಳುವಿನ ಹಾಗೆ ಹೊರಟಿತು. ಎಡಕ್ಕೆ ತಿರುಗಿಸಿದರೆ ತಡವಾಗಿ ತಿರುಗುತ್ತಿತ್ತು, ತಿರುಗಿದ್ದು ನಿಲ್ಲುತ್ತಿರಲಿಲ್ಲ. ಪುಟ್ಟಿಯ ಬಲಗಾಲು ದೋಣಿಯ ಹಲಗೆಯನ್ನು ಒತ್ತುತ್ತಲೇ ಇತ್ತು. ಅಲ್ಲೇನೂ ಇರಲಿಲ್ಲ. ನೀರಿನ ಮೇಲೆ ಯಾರಿಗೂ ಬ್ರೇಕಿಲ್ಲ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ತುಟಿ ಕಚ್ಚಿ ಕೂತಳು.

“ಏನಾದರೂ ಹೇಳಬೇಕು ಅನ್ನಿಸ್ತಿದೆಯಾ?” ಎಂದು ಅತ್ತಿಗೆ ಮುಂದೆ ನೋಡುತ್ತಲೇ ಕೇಳಿದಳು.

“ಇಲ್ಲ” ಎಂದಳು ಪುಟ್ಟಿ, ಕಣ್ಣು ಮುಚ್ಚಿ.

ಅಷ್ಟರಲ್ಲಿ ದೊಡ್ಡ ದೋಣಿಯೊಂದು ಪಕ್ಕದಲ್ಲಿ ಹಾದುಹೋಗಿ ಅಲೆಗಳ ಸಾಲು ಎಬ್ಬಿಸಿತು. ಅತ್ತಿಗೆ ಚಕ್ರ ತಿರುಗಿಸಿ ದೋಣಿಯ ಮೂತಿಯನ್ನು ಅಲೆಗೆ ಕೊಟ್ಟಳು, ಹಿಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು. ದೋಣಿ ಮೇಲೆದ್ದಿತು, ದಬ್ ಎಂದು ಇಳಿಯಿತು, ಮತ್ತೆ ಎದ್ದಿತು. ಉಪ್ಪುನೀರು ಇಬ್ಬರ ಮುಖಕ್ಕೂ ರಾಚಿತು. ಪುಟ್ಟಿ ಕಿರುಚಿದಳು. ಎರಡನೇ ಸಲ ಕಿರುಚಿದಾಗ ಅದು ಹೆದರಿಕೆಯದಲ್ಲ ಎಂದು ಅವಳಿಗೇ ತಿಳಿಯಿತು.

“ಇನ್ನೊಂದು ಬರಲಿ!” ಎಂದು ಅತ್ತಿಗೆ ಕೂಗಿದಳು. “ಎಲ್ಲಿ ಹೋಯಿತು ಆ ದೊಡ್ಡ ದೋಣಿ? ಅದರ ಹಿಂದೆ ಹೋಗೋಣ್ವಾ?”

“ಹೋಗಿ ಅತ್ತಿಗೆ, ಹೋಗಿ!”

ಕೊಲ್ಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಬಂಡೆಯೊಂದನ್ನು ಸುತ್ತು ಹಾಕಿದರು. ದೂರದಲ್ಲಿ ತಮ್ಮ ಹಡಗು ನಿಂತಿತ್ತು. ಅತ್ತಿಗೆ ಅದಕ್ಕೆ ಕೈ ಬೀಸಿದಳು, ಒಳಗಿನವರೆಲ್ಲ ತನ್ನನ್ನೇ ನೋಡುತ್ತಿರುವ ಹಾಗೆ. ಬಂಡೆಯ ಮರೆಯಲ್ಲಿ ಮೋಟಾರು ಆರಿಸಿದಾಗ ಎಲ್ಲ ನಿಶ್ಶಬ್ದ. ನೀರಿನ ತಳದ ಕಲ್ಲು ಕಾಣುತ್ತಿತ್ತು. ಕಲ್ಲಿನ ಮೇಲೆ ಹಾದುಹೋಗುವ ಮೀನಿನ ನೆರಳೂ ಕಾಣುತ್ತಿತ್ತು.

ಮತ್ತೆ ಹೊರಡಬೇಕೆಂದಾಗ ಮೋಟಾರು ಏಳಲಿಲ್ಲ. ಅತ್ತಿಗೆ ಬೀಗದ ಕೈ ತಿರುಗಿಸಿದಳು, ಮತ್ತೆ ತಿರುಗಿಸಿದಳು. ದೋಣಿ ಮೆಲ್ಲಗೆ ಬಂಡೆಯ ಕಡೆಗೆ ಸರಿಯತೊಡಗಿತು. “ಪುಟ್ಟಿ, ಕೆಟ್ಟುಹೋಯಿತು ಕಣೆ. ನಿನ್ನ ಮುಂಗಡ ನೀರುಪಾಲು.”

ಪುಟ್ಟಿ ಬಗ್ಗಿ ನೋಡಿದಳು. ಹಿಡಿ ಒಂದಿಷ್ಟು ಮುಂದೆಯೇ ಉಳಿದಿತ್ತು. “ಅತ್ತಿಗೆ, ಗೇರಲ್ಲಿದೆ! ನಡುವೆ ತನ್ನಿ, ನ್ಯೂಟ್ರಲ್ಲಿಗೆ!” ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು ಅದು. ಅವಳ ಕೈ ಹಿಡಿಯವರೆಗೂ ಹೋಯಿತು, ಅಲ್ಲೇ ನಿಂತಿತು. ಅತ್ತಿಗೆ ತಾನೇ ಹಿಡಿಯನ್ನು ನಡುವೆ ತಂದಳು, ಬೀಗದ ಕೈ ತಿರುಗಿಸಿದಳು. ಮೋಟಾರು ಕೆಮ್ಮಿ ಎದ್ದಿತು. ಇಬ್ಬರೂ ಚಪ್ಪಾಳೆ ತಟ್ಟಿದರು, ಅತ್ತಿಗೆಯಂತೂ ಸ್ಟೇರಿಂಗ್ ಬಿಟ್ಟೇ ತಟ್ಟಿದಳು.

ದೋಣಿಕಟ್ಟೆಗೆ ವಾಪಸಾಗುವಾಗ ಸ್ವಲ್ಪ ತಡವಾಗಿತ್ತು. ದೋಣಿಯವನು ದೂರದಿಂದಲೇ ತೋಳು ಬೀಸುತ್ತಿದ್ದ. ಅತ್ತಿಗೆ ವೇಗ ಇಳಿಸಿ, ಇಳಿಸಿ, ಕೊನೆಗೆ ಕಟ್ಟೆಗೆ ನೇತುಹಾಕಿದ್ದ ಹಳೇ ಟೈರಿಗೆ ಧೊಪ್ಪನೆ ಗುದ್ದಿ ನಿಂತಳು. ದೋಣಿಯವನು ಬಗ್ಗಿ ದೋಣಿಯ ಮೂತಿ ನೋಡಿದ, ಟೈರನ್ನು ಅಂಗೈಯಿಂದ ತಟ್ಟಿದ, ಗುದ್ದುವುದಕ್ಕೇ ತಾನೇ ಇದನ್ನು ಕಟ್ಟಿರುವುದು ಎಂಬಂತೆ ನಕ್ಕ. ಮುಂಗಡದ ನೋಟುಗಳನ್ನು ಒಂದೂ ಕಡಿಮೆಯಿಲ್ಲದೆ ಎಣಿಸಿ ವಾಪಸು ಕೊಟ್ಟ.

ಹೋದದ್ದೆಂದು ಕೈಬಿಟ್ಟಿದ್ದ ದುಡ್ಡು. ಅತ್ತಿಗೆ ಅದನ್ನು ಹಿಡಿದು ನಿಂತಳು. ಒದ್ದೆ ಕೂದಲು ಹಣೆಗೆ ಅಂಟಿತ್ತು, ಕನ್ನಡಕದ ಮೇಲೆ ಉಪ್ಪಿನ ಹನಿ.

“ಇದು ನಿನ್ನದು” ಎಂದಳು. “ಇನ್ನೂ ಎರಡು ಬಂದರಿದೆ. ಜೋಪಾನ ಮಾಡೋಣ್ವಾ, ಏನು ಹೇಳ್ತೀಯ?”

ಪುಟ್ಟಿ ಹಡಗಿನ ಕಡೆ ನೋಡಿದಳು. ಅದು ಹೊರಡುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ದೋಣಿಗಳ ಕಡೆ ನೋಡಿದಳು. ತನ್ನ ದುಡ್ಡು ಎಂದ ಕೂಡಲೇ ಅವಳ ಹಳೇ ಗುಣ ಎದ್ದು ಕೂತಿತು.

“ಇನ್ನೊಂದು ಗಂಟೆಗೆ ಎಷ್ಟು ಕೇಳಿ ಅತ್ತಿಗೆ!”

ಅತ್ತಿಗೆ ಕೇಳಿದ್ದಷ್ಟೇ ಅಲ್ಲ, ಚೌಕಾಸಿಗೆ ನಿಂತಳು. ಮಾರ್ಕೆಟ್ ಬೀದಿಯಲ್ಲಿ ಪಳಗಿದ ಬಾಯಿ ಅದು. ಭಾಷೆ ಬರದಿದ್ದರೂ ಬೆರಳು ಬರುತ್ತಿತ್ತು. ದೋಣಿಯವನು ತಲೆ ಅಲ್ಲಾಡಿಸಿದ, ಎದೆ ಮುಟ್ಟಿಕೊಂಡ, ಆಕಾಶ ನೋಡಿದ. ಅತ್ತಿಗೆ ನೋಟು ಮಡಚಿ ಹೊರಟುಹೋಗುವ ಹಾಗೆ ಎರಡು ಹೆಜ್ಜೆ ಇಟ್ಟಳು. ಅವನು ಕರೆದ. ಎರಡನೇ ಗಂಟೆ ಅರ್ಧ ಬೆಲೆಗೆ ಕುದುರಿತು, ಮುಂಗಡ ಬೇಡವೇ ಬೇಡ.

ಈ ಸಲ ಕೊಲ್ಲಿಯ ನಡುವೆ ಬಂದಾಗ ಅತ್ತಿಗೆ ಸ್ಟೇರಿಂಗ್ ಬಿಟ್ಟು ಎದ್ದಳು. “ಬಾ, ಈ ಕಡೆ ಕೂತುಕೋ.”

“ನಾನ್ಯಾಕೆ? ನೀವೇ ಓಡಿಸಿ.”

“ನೀನು ಓಡಿಸಿದ್ದನ್ನ ನಾನು ನೋಡಿಯೇ ಇಲ್ಲ ಪುಟ್ಟಿ. ಯಾವಾಗಲೂ ಪಕ್ಕದ ಸೀಟಲ್ಲೇ ಇರ್ತೀಯ.”

ಪುಟ್ಟಿ ಒಂದು ಗಳಿಗೆ ಯೋಚಿಸಿದಳು. ಹೌದಲ್ಲ. ಕಾರು ಶಾಲೆಯದು, ಸ್ಟೇರಿಂಗ್ ಕಲಿಯುವವರದು, ಮನೆಗೆ ಹೋಗುವುದು ಬಸ್ಸಿನಲ್ಲಿ. ತಾನೇ ಮನಸಾರೆ ಓಡಿಸಿ ಎಷ್ಟು ಕಾಲವಾಯಿತೋ ಅವಳಿಗೂ ನೆನಪಿರಲಿಲ್ಲ. ದೋಣಿ ಓಲಾಡುತ್ತಿರಲು ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಾಗ ಬದಲಿಸಿದರು. ಪುಟ್ಟಿ ಚಕ್ರದ ಮೇಲೆ ಎರಡೂ ಕೈಯಿಟ್ಟಳು, ಮುಂದೆ ಯಾರೂ ಅಡ್ಡವಿಲ್ಲವೆಂದು ನೋಡಿಕೊಂಡಳು, ಹಿಡಿಯನ್ನು ಪೂರಾ ಮುಂದಕ್ಕೆ ತಳ್ಳಿದಳು.

ದೋಣಿ ಮೂತಿ ಎತ್ತಿ ಹಾರಿತು. ಅತ್ತಿಗೆ ಪಕ್ಕದ ಕಂಬಿ ಹಿಡಿದು, “ಅಯ್ಯೋ ಪುಟ್ಟಿ! ಅಯ್ಯಯ್ಯೋ!” ಎಂದು ಕೂಗುತ್ತ, ಉಸಿರು ಸಿಕ್ಕಾಗಲೆಲ್ಲ “ಇನ್ನೂ ಜೋರಾಗಿ!” ಎಂದಳು. ನೀರು ಎರಡು ಕಡೆ ಸೀಳಿಕೊಂಡು ಹಿಂದೆ ಬಿಳಿ ದಾರಿಯಾಗುತ್ತಿತ್ತು.

ಆಮೇಲಿನ ಎರಡು ಬಂದರುಗಳಲ್ಲಿ ಅವರ ಹತ್ತಿರ ದುಡ್ಡೆಂಬುದು ಹೆಸರಿಗೆ ಮಾತ್ರ ಇತ್ತು. ಕಾಲ್ನಡಿಗೆಯಲ್ಲೇ ಊರು ಸುತ್ತಿದರು, ಸಮುದ್ರದ ಗೋಡೆಯ ಮೇಲೆ ಕೂತು ಕಾಲು ಇಳಿಬಿಟ್ಟರು, ಹಸಿವಾದಾಗ ಹಡಗಿಗೆ ಓಡಿಬಂದು ಪುಕ್ಕಟೆ ಊಟಕ್ಕೆ ಕೂತರು. ಆದರೆ ಮೇಜಿನ ಎದುರು ಕೂತವರು ಯಾರೇ ಆಗಲಿ, ಎಲ್ಲಿಂದ ಬಂದವರೇ ಆಗಲಿ, ಅವರಿಗೆ ದೋಣಿಯ ಕಥೆ ಕೇಳದೆ ಬಿಡುಗಡೆಯಿರಲಿಲ್ಲ. ಒಬ್ಬರು ಅಲೆ ಎಷ್ಟೆತ್ತರ ಎಂದು ಕೈಯೆತ್ತಿ ತೋರಿಸುವಷ್ಟರಲ್ಲಿ ಇನ್ನೊಬ್ಬರು ಆ ಕೈಯನ್ನು ಇನ್ನೂ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರು.